ಹೊಸ ಗಾಡಿ, ಹಿಂದಿನ ಸೀಟು

ಹೊಸ ಸ್ಕೂಟರ್ ಮೊದಲ ಸಲ ನಿಂತದ್ದು ನವಲೂರಿನ ಏರಿನಲ್ಲಿ, ನಾನು ಕಾಲೇಜಿಗೆ ಹೊರಟಿದ್ದಾಗ. ಸದ್ದಿಲ್ಲ, ಜರ್ಕು ಇಲ್ಲ. ಮಾತಾಡುತ್ತಿದ್ದವರು ನಡುವೆಯೇ ಸುಮ್ಮನಾದ ಹಾಗೆ ಇಂಜಿನ್ ಸುಮ್ಮನಾಯಿತು. ಮುಂದಿನ ಫಲಕದ ಮೇಲೆ ದೀಪಗಳೆಲ್ಲ ಉರಿಯುತ್ತಲೇ ಇದ್ದವು. ಉಳಿದಿದ್ದ ಓಟದಲ್ಲಿ ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿದೆ. ಗುಂಡಿ ಒತ್ತಿದೆ, ಕೀಲಿ ತಿರುವಿದೆ, ಮತ್ತೆ ಒತ್ತಿದೆ.

ಬೇರೆ ಯಾರಾದರೂ ಆಗಿದ್ದರೆ ಇಳಿದು ಗಾಡಿ ತಳ್ಳುತ್ತಿದ್ದರು. ನನ್ನ ಬಲಗಾಲಿಗೆ ತೊಡೆಯಿಂದ ಅಂಗಾಲಿನವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಇದೆ. ನಡೆಯುವುದಕ್ಕೆ ಕೈಯಲ್ಲಿ ಕೋಲು ಬೇಕು. ಎರಡು ವರ್ಷದವಳಿದ್ದಾಗ ಬಂದ ಪೋಲಿಯೊ. ಹಾಗಾಗಿ ನನ್ನ ಸ್ಕೂಟರಿಗೆ ಹಿಂದಿನ ಗಾಲಿಯ ಎರಡೂ ಬದಿ ಒಂದೊಂದು ಸಣ್ಣ ಗಾಲಿ ಕೂಡಿಸಿರುತ್ತಾರೆ. ಅದು ನಿಂತಾಗ ಕಾಲು ಊರಬೇಕಾಗಿಲ್ಲ, ವಾಲುವುದಿಲ್ಲ. ಕೆಟ್ಟು ನಿಂತರೂ ವಾಲುವುದಿಲ್ಲ. ನಾನು ರಸ್ತೆಯ ಅಂಚಿನಲ್ಲಿ ಅದರ ಮೇಲೆ ನೆಟ್ಟಗೆ ಕೂತಿದ್ದೆ. ನೋಡಿದವರಿಗೆ ಯಾರಿಗೋ ಕಾಯುತ್ತಿದ್ದೇನೆ ಎನ್ನಿಸಿರಬೇಕು. ಯಾರೂ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಗುಂಡಿ ಒತ್ತಿದೆ, ಚಾಲೂ ಆಯಿತು. ಕಾಲೇಜಿಗೆ ಹೋದೆ.

ಗಾಡಿ ಮನೆಗೆ ಬಂದು ಆಗ ಇನ್ನೂ ಒಂದು ವಾರವಷ್ಟೇ ಆಗಿತ್ತು.

ನಾನು ಧಾರವಾಡದ ಒಂದು ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮನೆ ನವನಗರದಲ್ಲಿ. ಗಂಡ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತಾರೆ. ಅವರು ಹೊರಡುವ ದಿಕ್ಕು ಒಂದು, ನನ್ನದು ಇನ್ನೊಂದು. ಮೂವತ್ತನೆಯ ವಯಸ್ಸಿಗೆ ಮೊದಲ ಸ್ಕೂಟರ್ ತಗೊಂಡೆ. ಅದಕ್ಕೂ ಮೊದಲು ಎಲ್ಲಿಗೆ ಹೋಗಬೇಕಾದರೂ ಯಾರದಾದರೂ ಬಿಡುವು ನೋಡಿಕೊಂಡು ಹೋಗಬೇಕಾಗಿತ್ತು. ಆ ಸ್ಕೂಟರ್ ಬಂದ ದಿನದಿಂದ ಯಾರನ್ನೂ ಕೇಳಿದ್ದಿಲ್ಲ. ಅದು ಬಹಳ ವರ್ಷ ನಡೆಯಿತು. ಕೊನೆಗೆ ಇಂಜಿನ್ ಹೊಗೆ ಉಗುಳತೊಡಗಿದಾಗ ಕೆಲಗೇರಿಯ ಒಬ್ಬ ಟೇಲರಿಗೆ ಕೊಟ್ಟೆ. ಅವರ ಕಾಲೂ ನನ್ನ ಕಾಲಿನ ಹಾಗೆಯೇ. ಗೆಳೆಯನ ಬೈಕಿನ ಹಿಂದೆ ಕೂತು ಬಂದಿದ್ದ ಮನುಷ್ಯ, ನನ್ನ ಗಾಡಿ ಹತ್ತಿ ತಾವೇ ಓಡಿಸಿಕೊಂಡು ಹೋದರು. ಆ ಗೆಳೆಯ ಹಿಂದಿನಿಂದ ನಿಧಾನವಾಗಿ ಬೈಕ್ ಬಿಡುತ್ತ ಹೋದ.

ಹೊಸದನ್ನು ಹುಬ್ಬಳ್ಳಿಯ ಶೋರೂಮಿನಲ್ಲಿ ಕೊಂಡೆವು. ಬದಿಯ ಗಾಲಿ ಹಾಕುವವರ ವಿಳಾಸವನ್ನು ಶೋರೂಮಿನವರೇ ಕೊಟ್ಟರು, ಗಾಡಿಯನ್ನು ಅಲ್ಲಿಗೆ ಮುಟ್ಟಿಸಿದವರೂ ಅವರೇ. ಆರ್‌ಟಿಓ ಕೆಲಸವನ್ನೂ ಅವರೇ ಮಾಡಿಸಿದರು. ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ನನ್ನ ಫೋಟೊ ತೆಗೆದು ಕಳಿಸಿದರು. ಆ ಫೋಟೊದಲ್ಲಿ ನಾನು ನಗುತ್ತಿದ್ದೇನೆ. ಬಣ್ಣ ಬೂದಿ. ಕೆಂಪು ಬೇಕೆಂದಿದ್ದೆ, ಕೆಂಪಿಗೆ ತಿಂಗಳು ಕಾಯಬೇಕೆಂದರು.

ಎರಡನೆಯ ಸಲ ನಿಂತಾಗ ಚಾಲೂ ಆಗಲಿಲ್ಲ. ಅದೇ ಏರು. ಶೋರೂಮಿನ ವರ್ಕ್‌ಶಾಪು ಇದ್ದದ್ದು ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ನಿಂತ ಜಾಗದಿಂದ ದೂರವೇನಲ್ಲ. ಫೋನ್ ಮಾಡಿದೆ. ಒಂದು ಸಣ್ಣ ಟೆಂಪೊ ಬಂತು, ಇಬ್ಬರು ಇಳಿದರು. ಹಲಗೆ ಇಟ್ಟು ಗಾಡಿಯನ್ನು ಮೇಲೆ ಹತ್ತಿಸಿದರು. ಆಮೇಲೆ ನನ್ನ ಕಡೆ ನೋಡಿದರು. ಡ್ರೈವರಿನ ಪಕ್ಕದ ಸೀಟು ಎತ್ತರದಲ್ಲಿತ್ತು.

"ಮೇಡಂ, ನಿಮ್ಮನ್ನ ಎತ್ತಿ ಕೂಡ್ರಸೂಣೇನ್ರಿ?" ಎಂದು ಅವರಲ್ಲಿ ಹಿರಿಯ ಕೇಳಿದ. ಕೇಳುವಾಗ ಮುಜುಗರವಾಗಿತ್ತು ಅವನಿಗೆ.

ನಾನು ಒಪ್ಪಿ, ಆತ್ರಿ ಎಂದೆ.

ಎತ್ತಿಸಿಕೊಳ್ಳುವುದಕ್ಕೆ ಒಂದು ಪದ್ಧತಿ ಇದೆ. ಚಿಕ್ಕಂದಿನಲ್ಲಿ ಕಲಿತದ್ದು. ಅಪ್ಪ ಶಾಲೆಗೆ ಸೈಕಲ್ ಮೇಲೆ ಒಯ್ಯುತ್ತಿದ್ದ, ಶಾಲೆಯ ಮೆಟ್ಟಿಲು ಹತ್ತುವಾಗ ಎತ್ತಿಕೊಳ್ಳುತ್ತಿದ್ದ. ಅಪ್ಪ ಇಲ್ಲದ ದಿನ ಕಾಕಾ, ಕಾಕಾ ಇಲ್ಲದ ದಿನ ಶಾಲೆಯ ಸಿಪಾಯಿ. ಎತ್ತುವವರ ಕೈಯಲ್ಲಿ ಮೈ ಬಿಗಿ ಹಿಡಿಯಬಾರದು, ಹಿಡಿದರೆ ಅವರಿಗೆ ಕಷ್ಟ. ಕಣ್ಣು ಬೇರೆ ಕಡೆ ಇಡಬೇಕು. ಏನೂ ಅನ್ನಿಸಗೊಡಬಾರದು. ಕಾಳಿನ ಚೀಲದ ಹಾಗೆ ಇದ್ದುಬಿಟ್ಟರೆ ಎಲ್ಲ ಬೇಗ ಮುಗಿಯುತ್ತದೆ. ಬಹಳ ಜನ ನನ್ನ ಕಾಲಿಗೆ ಸ್ಪರ್ಶವೇ ಇಲ್ಲ ಎಂದುಕೊಂಡಿರುತ್ತಾರೆ. ಹಾಗಲ್ಲ. ಪೋಲಿಯೊ ಕಾಲಿಗೆ ಎಲ್ಲ ತಿಳಿಯುತ್ತದೆ, ಇರುವೆ ಹರಿದರೂ ತಿಳಿಯುತ್ತದೆ. ಅದಕ್ಕೆ ಬಲ ಇಲ್ಲ ಅಷ್ಟೇ. ಸ್ಪರ್ಶ ಇಲ್ಲದ ಹಾಗೆ ಇರುವುದನ್ನು ನಾನೇ ಕಲಿತದ್ದು.

ಅವರು ಎತ್ತಿದರು. ನಾನು ಎದುರಿನ ಬೇಲಿಯ ಮೇಲೆ ಒಣಗಿದ್ದ ಬಳ್ಳಿ ನೋಡುತ್ತಿದ್ದೆ. ಎಷ್ಟೋ ವರ್ಷವಾದರೂ ಮೈ ಆ ಪದ್ಧತಿಯನ್ನು ಮರೆತಿರಲಿಲ್ಲ.

ವರ್ಕ್‌ಶಾಪಿನಲ್ಲಿ ಗಿರಾಕಿಗಳೊಡನೆ ಮಾತಾಡಲು ಒಬ್ಬ ಸಲಹೆಗಾರರಿದ್ದರು. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಯಾವಾಗಲೂ ಮೃದು ದನಿ. ಅವರು ಗಾಡಿಯನ್ನು ಇಟ್ಟುಕೊಂಡರು. ನಾಲ್ಕೈದು ದಿನದ ಮೇಲೆ ಬರಲು ಹೇಳಿದರು. ಹೋದಾಗ ಗಾಡಿ ತೊಳೆದು ಹೊಳೆಯುತ್ತಿತ್ತು.

"ಗಾಡ್ಯಾಗ ಏನೂ ದೋಷ ಇಲ್ರಿ ಮೇಡಂ. ಮುಂಜಾನಿಯಿಂದ ಸಂಜೀತನಕ ಸ್ಟ್ಯಾಂಡಿನ ಮ್ಯಾಲೆ ಚಾಲೂ ಇಟ್ಟು ನೋಡೇವಿ. ಒಮ್ಮೆನೂ ಬಂದ್ ಬೀಳಲಿಲ್ಲ."

ಒಯ್ದೆ. ಆ ವಾರವೇ ಮತ್ತೆ ನಿಂತಿತು, ಈ ಸಲ ಸತ್ತೂರಿನ ಹತ್ತಿರ, ಮಧ್ಯಾಹ್ನದ ಬಿಸಿಲಿನಲ್ಲಿ. ಹಿಂದಿನಿಂದ ಬಂದ ಲಾರಿಯವನು ಬಹಳ ಹತ್ತಿರದಲ್ಲಿ ಬ್ರೇಕ್ ಹಾಕಿದ. ಅವನು ಕಿಟಕಿಯಿಂದ ತಲೆ ಹಾಕಿ ಏನೋ ಬೈಯಲು ಬಾಯಿ ತೆರೆದವನು, ಬದಿಯ ಗಾಲಿಗಳನ್ನು ನೋಡಿ ಬಾಯಿ ಮುಚ್ಚಿಕೊಂಡ. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಆಮೇಲೆ ಅನ್ನಿಸಿತು. ಆ ಹೊತ್ತಿಗೆ ಏನೂ ಅನ್ನಿಸಿರಲಿಲ್ಲ.

ಮತ್ತೆ ಟೆಂಪೊ, ಮತ್ತೆ ಲಕಮನಹಳ್ಳಿ. ಈ ಸಲ ಅವರು ಇಂಜಿನ್ನಿನ ಕಂಪ್ಯೂಟರ್ ಭಾಗ ಬದಲಿಸಬೇಕು, ಅದು ಪುಣೆಯಿಂದ ಬರಬೇಕು ಎಂದರು. ಬರಲಿಲ್ಲ. ನಾನು ದಿನಾ ಫೋನ್ ಮಾಡುತ್ತಿದ್ದೆ, ಸಲಹೆಗಾರರು ದಿನಾ ನಾಳೆ ತಾವೇ ಫೋನ್ ಮಾಡುವುದಾಗಿ ಹೇಳುತ್ತಿದ್ದರು. ಕೆಲವು ದಿನಗಳ ಮೇಲೆ ಇದು ಹೇಗಾಯಿತೆಂದರೆ, ಅವರು ಏನು ಹೇಳುತ್ತಾರೆ ಎಂಬುದು ನನಗೆ ಮೊದಲೇ ಗೊತ್ತು, ನಾನು ಆತ್ರಿ ಎನ್ನುತ್ತೇನೆ ಎಂಬುದು ಅವರಿಗೂ ಗೊತ್ತು. ಹಬ್ಬ ಬಂದಾಗ ಅವರು ಹಬ್ಬದ ಶುಭಾಶಯ ಹೇಳಿದರು, ನಾನೂ ಹೇಳಿದೆ. ಆಮೇಲೆ ಫೋನ್ ಮಾಡುವುದನ್ನು ಬಿಟ್ಟೆ. ಯೋಚಿಸಿ ಬಿಟ್ಟದ್ದಲ್ಲ. ಒಂದು ದಿನ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ.

ಕಾಲೇಜಿಗೆ ಹೋಗುವುದೇ ತೊಂದರೆಯಾಯಿತು. ನಡುರಸ್ತೆಯಲ್ಲಿ ಓಡುವ ಬಸ್ಸುಗಳಿವೆ ನಮ್ಮಲ್ಲಿ. ಅವುಗಳ ನಿಲ್ದಾಣವೂ ರಸ್ತೆಯ ನಡುವೆಯೇ. ಬಸ್ಸಿನ ಬಾಗಿಲು ನಿಲ್ದಾಣದ ನೆಲಕ್ಕೆ ಸರಿಸಮ, ಒಂದು ಮೆಟ್ಟಿಲೂ ಇಲ್ಲ. ಕೋಲು ಹಿಡಿದವರಿಗೆ ಅಷ್ಟು ಅನುಕೂಲದ ಬಸ್ಸು ಬೇರೆ ಇಲ್ಲ. ಆದರೆ ನಿಲ್ದಾಣ ಮುಟ್ಟಬೇಕಾದರೆ ವಾಹನಗಳು ಓಡುತ್ತಿರುವ ಅರ್ಧ ರಸ್ತೆ ದಾಟಬೇಕು, ಆಮೇಲೆ ಇಳಿಜಾರು ಏರಬೇಕು. ದಾಟುವ ಜಾಗದಲ್ಲಿ ದೀಪ ಹಸಿರಾಗಿ ಮತ್ತೆ ಕೆಂಪಾಗುವಷ್ಟರಲ್ಲಿ ನಾನು ರಸ್ತೆಯ ನಡುವಿರುತ್ತಿದ್ದೆ. ಎರಡು ದಿನ ಹೋದೆ. ಎರಡನೆಯ ದಿನ ಕ್ಯಾಲಿಪರ್ ತೊಡೆಗೆ ಉಜ್ಜಿ ಚರ್ಮ ಕಿತ್ತು ಬಂತು. ಆಟೊಗಳಲ್ಲಿ ಹೋದೆ. ಒಮ್ಮೊಮ್ಮೆ ಗಂಡ ಅಂಗಡಿಗೆ ತಡವಾಗಿ ಬರುತ್ತೇನೆಂದು ಹೇಳಿ ಬಿಟ್ಟು ಹೋದರು. ಹತ್ತಿಯ ಹಂಗಾಮಿನಲ್ಲಿ ಅದು ದಿನಾ ಆಗುವ ಮಾತಲ್ಲ.

ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಒಬ್ಬಾಕೆ ಇದ್ದರು. ಅತಿಥಿ ಉಪನ್ಯಾಸಕಿ, ನನಗಿಂತ ಹತ್ತು ವರ್ಷ ಚಿಕ್ಕವರು. ಭೈರಿದೇವರಕೊಪ್ಪದಲ್ಲಿ ಮನೆ. ಅಲ್ಲಿಯವರೆಗೆ ನಮ್ಮ ನಡುವೆ ಪುಸ್ತಕ ಕೊಟ್ಟು ತಗೊಂಡ ಮಾತಷ್ಟೇ. ಆಟೊದಿಂದ ನಾನು ಇಳಿಯುತ್ತಿರುವುದನ್ನು ಒಂದು ದಿನ ಗೇಟಿನಲ್ಲಿ ನೋಡಿದರು. ಮಧ್ಯಾಹ್ನ ಗ್ರಂಥಾಲಯಕ್ಕೆ ಬಂದು ವಿಷಯ ಕೇಳಿದರು, ಕೇಳಿ ಹೋದರು. ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಅವರ ಸ್ಕೂಟರ್ ನಿಂತಿತ್ತು. ದಿನಾ ಇದೇ ದಾರಿಯಲ್ಲಿ ಹೋಗುತ್ತೇನೆ, ನಿಮ್ಮ ಓಣಿಗೆ ಹೊರಳಿದರೆ ನನಗೇನೂ ಆಗುವುದಿಲ್ಲ ಎಂದರು. ನಾನು ಬೇಡವೆಂದೆ. ಅವರು ಇಂಜಿನ್ ಬಂದ್ ಮಾಡಿ ಅಲ್ಲಿಯೇ ನಿಂತರು. ಹತ್ತಿದೆ.

ಹಿಂದೆ ಕೂಡುವುದು ನನಗೆ ಸುಲಭವಲ್ಲ. ಮೊಣಕಾಲು ಮಡಚಲು ಕ್ಯಾಲಿಪರಿನ ಕೀಲು ಬಿಚ್ಚಿ, ಕಾಲನ್ನು ಕೈಯಿಂದ ಎತ್ತಿ, ಆಚೆ ಬದಿಗೆ ದಾಟಿಸಿ, ಮೆಟ್ಟುವ ಜಾಗದಲ್ಲಿ ಇಡಬೇಕು. ಕೋಲನ್ನು ನಮ್ಮಿಬ್ಬರ ನಡುವೆ ಅಡ್ಡ ಹಿಡಿಯಬೇಕು. ಎಲ್ಲ ಮುಗಿಯುವವರೆಗೆ ಅವರು ಹಿಂದೆ ತಿರುಗಿ ನೋಡುತ್ತಿರಲಿಲ್ಲ, ಆತೇನ್ರಿ ಎಂದು ಕೇಳುತ್ತಲೂ ಇರಲಿಲ್ಲ. ನಾನು ಭುಜದ ಮೇಲೆ ಕೈ ಇಟ್ಟೊಡನೆ ಹೊರಡುತ್ತಿದ್ದರು. ಜೋರು ಓಡಿಸುತ್ತಿದ್ದರು, ನನ್ನ ಗಂಡನಿಗಿಂತ ಜೋರು.

ದಾರಿಯಲ್ಲಿ ಅವರು ಮಾತಾಡುತ್ತಿದ್ದರು. ಹೆಲ್ಮೆಟ್ಟಿನೊಳಗಿಂದ ಬರುವ ಮಾತು, ಅರ್ಧ ಗಾಳಿಗೆ ಹೋಗುತ್ತಿತ್ತು. ಮೊದಮೊದಲು ಕಾಲೇಜಿನ ಸುದ್ದಿ. ಪ್ರತಿ ವರ್ಷ ಕೆಲಸ ಮುಂದುವರಿಯುವುದೋ ಇಲ್ಲವೋ ಎಂದು ಕಾಯುವುದು, ಕಾಯಂ ಆಗುತ್ತದೆ ಎಂದು ಯಾರೋ ಹೇಳಿದ್ದು. ಆಮೇಲೆ ಮನೆಯದು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಹುಬ್ಬಳ್ಳಿಯ ದವಾಖಾನೆ, ಬೆಳಗಾವಿಯ ದವಾಖಾನೆ, ಸೂಜಿಗಳು. ನಾನು ಹೂಂ ಎನ್ನುತ್ತಿದ್ದೆ. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ, ಅವರದು ನನಗೆ. ಅದಕ್ಕೇ ಹೇಳಲು ಆಗುತ್ತಿತ್ತೋ ಏನೋ.

ಒಂದು ದಿನ ಟೋಲ್‌ನಾಕಾದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಮುಂದೆ ನೋಡುತ್ತಲೇ ಅವರು ಹೇಳಿದರು. "ಅಕ್ಕಾರ, ನಾ ಇನ್ನ ದವಾಖಾನಿಗೆ ಹೋಗೂದಿಲ್ಲಂತ ಠರಾಸೇನ್ರಿ. ಸಾಕಾಗೇತಿ. ಮನ್ಯಾಗ ಇನ್ನೂ ಯಾರಿಗೂ ಹೇಳಿಲ್ಲ."

ಏನಾದರೂ ಹೇಳಬೇಕಿತ್ತು. ಆ ದಿನಗಳಲ್ಲಿ ಯಾವುದೂ ಒಳಗಿನವರೆಗೆ ಇಳಿಯುತ್ತಿರಲಿಲ್ಲ. ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವು ಎಂದಾಗಲೂ ಹೀಗೆಯೇ ಆಗಿತ್ತು. ಸಿಗ್ನಲ್ ಹಸಿರಾಯಿತು. ಅವರ ಭುಜದ ಮೇಲಿದ್ದ ನನ್ನ ಕೈ ಅಲ್ಲೇ ಇತ್ತು. ಅವರೂ ಉತ್ತರಕ್ಕೆ ಕಾಯಲಿಲ್ಲ.

ಆ ಹೊತ್ತಿಗೇ ಒಮ್ಮೆ ನನ್ನ ಹಳೆಯ ಸ್ಕೂಟರ್ ಕಂಡೆ. ನಾವು ಜುಬಿಲಿ ವೃತ್ತದ ಹತ್ತಿರ ಇದ್ದೆವು. ಎದುರಿನಿಂದ ಆ ಟೇಲರ್ ಬರುತ್ತಿದ್ದರು. ಮುಂದೆ ಬಟ್ಟೆಯ ಗಂಟು, ಹಿಂದೆ ಹೆಂಡತಿ. ಇಂಜಿನ್ ಮಾಡಿಸಿದ್ದರೆಂದು ಕಾಣುತ್ತದೆ, ಹೊಗೆ ಇರಲಿಲ್ಲ. ಅವರು ನನ್ನನ್ನು ಗುರುತಿಸಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಎಡಬದಿಯ ಕನ್ನಡಿ ಬದಲಿಸಿದ್ದಾರೆ ಎಂಬುದನ್ನು ಮಾತ್ರ ನೋಡಿದೆ.

ಗಂಡನಿಗೆ ನನ್ನ ಈ ಸುಮ್ಮನಿರುವಿಕೆ ಸಹಿಸಲಾಗಲಿಲ್ಲ. ಅವರು ಸಾಮಾನ್ಯವಾಗಿ ದನಿ ಎತ್ತುವ ಮನುಷ್ಯರಲ್ಲ. ಒಂದು ಸೋಮವಾರ ಅಂಗಡಿಗೆ ರಜೆ ಹಾಕಿ ನನ್ನನ್ನು ಲಕಮನಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಹೊಸ ಮಾತು ಎದುರಾಯಿತು. ಕಂಪನಿಯವರು ಭಾಗ ಕಳಿಸುವ ಮೊದಲು ಗಾಡಿಯ ಫೋಟೊ ಕೇಳಿದ್ದರಂತೆ. ಬದಿಯ ಗಾಲಿ ನೋಡಿ, ಹೊರಗಿನವರಿಂದ ಗಾಡಿಯ ರಚನೆ ಬದಲಾಗಿದೆ, ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದಿದ್ದರಂತೆ. ಸಲಹೆಗಾರರು ಇದನ್ನು ಮೃದುವಾಗಿಯೇ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಗಂಡನ ಕಡೆ ನೋಡಿದರು.

"ಆ ಗಾಲಿ ಹಾಕೋ ಮನುಷ್ಯಾನ ಕಡೆ ಕಳಿಸಿದವ್ರ ನೀವು," ಎಂದರು ಗಂಡ. ದನಿ ಏರುತ್ತಿತ್ತು. "ಈಗ ಗಾಲಿ ಹಾಕಿಸಿದ್ದ ತಪ್ಪು ಅಂದ್ರ ಹೆಂಗ್ರಿ? ಗಾಲಿ ಇಲ್ದ ಆಕಿ ಹೆಂಗ ಹೊಡೀಬೇಕು, ನೀವ ಹೇಳ್ರಿ."

ಕಾಯುವ ಕೋಣೆಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು, ನನ್ನ ಕಾಲು ನೋಡಿದರು. ಗಂಡ ಇನ್ನೂ ಬಹಳ ಹೊತ್ತು ಮಾತಾಡಿದರು. ಹೊಸ ಗಾಡಿ ಕೊಡಿ ಎಂದರು, ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆಂದರು. ಅವರ ಕುತ್ತಿಗೆಯ ನರ ಉಬ್ಬಿತ್ತು. ನಾನು ಕುರ್ಚಿಯಲ್ಲಿ ಕೂತು ಮೂಲೆಯ ನೀರಿನ ಕ್ಯಾನಿನಲ್ಲಿ ಗುಳ್ಳೆ ಏಳುವುದನ್ನು ನೋಡುತ್ತಿದ್ದೆ. ಯಾರೋ ಬೇರೆಯವರ ಜಗಳದ ನಡುವೆ ಸಿಕ್ಕಿದ್ದೇನೆ, ಮುಗಿದ ಮೇಲೆ ಎದ್ದು ಹೋಗಬಹುದು ಎಂಬಂತೆ. ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ.

ಹೊರಗೆ ಬಂದ ಮೇಲೆ ಗಂಡ ಬೈಕಿನ ಹತ್ತಿರ ನಿಂತು, "ನಿನಗ ಏನೂ ಅನಸೂದಿಲ್ಲೇನು?" ಎಂದು ಕೇಳಿದರು.

"ಗೊತ್ತಾಗವಲ್ತು," ಎಂದೆ. ಅದು ಖರೆಯೇ ಆಗಿತ್ತು.

ಅವರ ಕೂಗಾಟದಿಂದಲೋ, ಶೋರೂಮಿನ ಮಾಲೀಕರಿಗೆ ಸುದ್ದಿ ಮುಟ್ಟಿದ್ದರಿಂದಲೋ, ಕೆಲವು ವಾರಗಳ ಮೇಲೆ ಸಲಹೆಗಾರರು ತಾವಾಗಿಯೇ ಫೋನ್ ಮಾಡಿದರು. ಕಂಪನಿಯ ಇಂಜಿನಿಯರರು ಬರುತ್ತಿದ್ದಾರೆ, ನೀವೂ ಬಂದರೆ ಒಳ್ಳೆಯದು ಎಂದರು. ಗಂಡನಿಗೆ ಆ ದಿನ ಬಿಡುವಿರಲಿಲ್ಲ. ಸಸ್ಯಶಾಸ್ತ್ರದಾಕೆ ನನ್ನನ್ನು ವರ್ಕ್‌ಶಾಪಿನ ಬಾಗಿಲಲ್ಲಿ ಇಳಿಸಿ ಪಾಠಕ್ಕೆ ಹೋದರು.

ಇಂಜಿನಿಯರರು ಬೆಳಗಾವಿ ಕಡೆಯವರು, ಐವತ್ತು ದಾಟಿದವರು, ಸ್ವಲ್ಪ ಹೊಟ್ಟೆ. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು, ಕಂಪ್ಯೂಟರಿಗೆ ತಂತಿ ಜೋಡಿಸಿ ನೋಡಿದರು, ಏನೂ ಸಿಗಲಿಲ್ಲ. ಆಮೇಲೆ ಅಲ್ಲಿ ನಿಂತಿದ್ದ ಮೆಕ್ಯಾನಿಕ್ಕುಗಳನ್ನು ಕೇಳಿದರು. "ಇದನ್ನ ರಸ್ತಾದ ಮ್ಯಾಲೆ ಹೊಡದು ನೋಡಿದವ್ರು ಯಾರು?"

ಅವರಲ್ಲಿ ಒಬ್ಬ, ಬದಿಯ ಗಾಲಿ ತೆಗೆದಿಟ್ಟು ಅಂಗಳದಲ್ಲಿ ಎರಡು ಸುತ್ತು ಹೊಡೆದಿದ್ದೇವೆ ಎಂದ. ಗಾಲಿ ಇದ್ದಾಗ ಹೊಡೆಯಲು ಅವರಿಗೆ ಬರುತ್ತಿರಲಿಲ್ಲ. ಅದು ನಿಜ, ಎರಡು ಗಾಲಿಯ ಗಾಡಿ ಹೊಡೆಯುವವರಿಗೆ ಇದು ಬರುವುದಿಲ್ಲ. ಅವರು ತಿರುವಿನಲ್ಲಿ ಮೈ ವಾಲಿಸುತ್ತಾರೆ, ಇದು ವಾಲುವುದಿಲ್ಲ. ಹ್ಯಾಂಡಲನ್ನೇ ಪೂರ್ತಿ ತಿರುಗಿಸಬೇಕು. ಇಂಜಿನಿಯರರು ತಾವೇ ಹತ್ತಿ ಗೇಟಿನವರೆಗೆ ಹೋದರು. ಗಾಡಿ ಅವರನ್ನು ಗೋಡೆಯ ಕಡೆಗೆ ಒಯ್ಯಿತು. ನಿಲ್ಲಿಸಿ ಇಳಿದರು, ಕರವಸ್ತ್ರದಿಂದ ಮುಖ ಒರೆಸಿಕೊಂಡರು.

ಅಂದರೆ ಇಷ್ಟು ದಿನ ನನ್ನ ಗಾಡಿಯನ್ನು ನಾನು ಓಡಿಸುವ ಹಾಗೆ ಒಬ್ಬರೂ ಓಡಿಸಿ ನೋಡಿರಲಿಲ್ಲ. ನಾನು ಎದ್ದೆ.

"ನಾ ಹೊಡಿತೇನ್ರಿ," ಎಂದೆ. "ನೀವು ಹಿಂದ ಕೂಡ್ರಿ."

ಅವರು ಸ್ವಲ್ಪ ಹಿಂದೆಮುಂದೆ ನೋಡಿದರು. ಆಮೇಲೆ ಕೂತರು. ಭುಜ ಹಿಡಿಯಲು ಸಂಕೋಚವಾಗಿ ಸೀಟಿನ ಹಿಂದಿನ ಸರಳು ಹಿಡಿದುಕೊಂಡರು. ನಾನು ಬಹಳ ದಿನಗಳ ಮೇಲೆ ಆ ಹ್ಯಾಂಡಲ್ ಹಿಡಿದಿದ್ದೆ. ಲಕಮನಹಳ್ಳಿಯಿಂದ ಹೊರಟು ರಾಯಾಪುರದವರೆಗೆ ಹೋಗಿ, ಅಲ್ಲಿ ತಿರುಗಿಸಿಕೊಂಡು ಮತ್ತೆ ಧಾರವಾಡದ ಕಡೆ ಹೊರಟೆವು. ನಡುವೆ ಅವರು ಒಂದೆರಡು ಪ್ರಶ್ನೆ ಕೇಳಿದರು, ಯಾವ ವೇಗದಲ್ಲಿ ಹೋಗುತ್ತೀರಿ, ಎಷ್ಟು ದೂರ ಹೋದ ಮೇಲೆ ನಿಲ್ಲುತ್ತದೆ ಎಂದು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಇವತ್ತು ನಿಲ್ಲುವುದಿಲ್ಲ, ನಾನು ಸುಳ್ಳು ಹೇಳಿದ ಹಾಗಾಗುತ್ತದೆ ಎಂದುಕೊಂಡೆ.

ನವಲೂರಿನ ಏರಿನಲ್ಲಿ, ಮುಂದೆ ನಿಂತಿದ್ದ ಟ್ರ್ಯಾಕ್ಟರನ್ನು ತಪ್ಪಿಸಲು ಹ್ಯಾಂಡಲ್ ತಿರುಗಿಸಿದೆ. ಇಂಜಿನ್ ಸುಮ್ಮನಾಯಿತು.

ಎಡಕ್ಕೆ ತಂದೆ. ಅವರು ಇಳಿದರು. ಗುಂಡಿ ಒತ್ತಲು ಹೇಳಿದರು, ಒತ್ತಿದೆ. ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸಲು ಹೇಳಿ ಮತ್ತೆ ಒತ್ತಿಸಿದರು. ಮುಂದಿನ ಮುಚ್ಚಳದ ಸಂದಿಯಲ್ಲಿ ಟಾರ್ಚ್ ಬಿಟ್ಟು ಇಣುಕಿದರು. ಟೆಂಪೊಗೆ ಫೋನ್ ಮಾಡಿದರೆ ಅದು ಹುಬ್ಬಳ್ಳಿಗೆ ಹೋಗಿತ್ತು. ರಸ್ತೆಯಲ್ಲಿ ನೆರಳಿರಲಿಲ್ಲ. ಏರು ಮುಗಿಯುವಲ್ಲಿ ಒಂದು ಮರ ಇತ್ತು, ಅದರ ಕೆಳಗೆ ಕಬ್ಬಿನ ಹಾಲಿನ ಗಾಡಿ.

"ನೀವು ಇಳೀಬ್ಯಾಡ್ರಿ, ಕೂತಿರ್ರಿ," ಎಂದು ಹೇಳಿ ಅವರು ಹಿಂದಿನಿಂದ ತಳ್ಳತೊಡಗಿದರು.

ನಾನು ಹ್ಯಾಂಡಲ್ ಹಿಡಿದು ಕೂತಿದ್ದೆ. ಹಿಂದಿನಿಂದ ಅವರ ಉಸಿರು ಕೇಳುತ್ತಿತ್ತು. ಎರಡು ಕಡೆ ನಿಂತು ಸುಧಾರಿಸಿಕೊಂಡರು. ಇದನ್ನು ಕೇಳಿ ಗಂಡ ಆಮೇಲೆ ಬಹಳ ನಕ್ಕರು, ಅಂಗಡಿಯಲ್ಲೂ ಹೇಳಿಕೊಂಡರು. ನನಗೆ ಆಗ ಗೆದ್ದೆ ಎನ್ನಿಸಲಿಲ್ಲ. ಮೈ ಹಗುರ ಬಿಟ್ಟು, ದೂರದ ವಿದ್ಯುತ್ ಕಂಬ ನೋಡುತ್ತಿದ್ದೆ, ಎತ್ತುವವರ ಕೈಯಲ್ಲಿ ಇರುವ ಹಾಗೆಯೇ.

ಮರದ ಕೆಳಗೆ ಅವರು ಎರಡು ಗ್ಲಾಸು ಕಬ್ಬಿನ ಹಾಲು ತಂದರು. ಕುಡಿದ ಮೇಲೆ ಹೇಳಿದರು, ಹ್ಯಾಂಡಲಿನ ಕುತ್ತಿಗೆಯ ಹತ್ತಿರ ತಂತಿಗಳ ಕಟ್ಟು ಚೌಕಟ್ಟಿಗೂ ಕ್ಲಿಪ್ಪಿಗೂ ನಡುವೆ ಸಿಕ್ಕು ಜಜ್ಜಿದೆ. ಕಾರ್ಖಾನೆಯಲ್ಲಿ ಕೂಡಿಸುವಾಗಲೇ ಆದದ್ದು. ಒಳಗೆ ತಂತಿ ಮುರಿದಿದೆ, ಮೇಲಿನ ಹೊದಿಕೆ ಹಾಗೇ ಇದೆ. ಬೇರೆಯವರ ಗಾಡಿಯಾಗಿದ್ದರೆ ಒಂದು ವರ್ಷದ ಮೇಲೆ ಗೊತ್ತಾಗುತ್ತಿತ್ತು. ನೀವು ಹ್ಯಾಂಡಲ್ ಹೆಚ್ಚು ತಿರುಗಿಸುತ್ತೀರಿ, ಬೇಗ ಗೊತ್ತಾಯಿತು.

"ಬಾಜೂ ಗಾಲಿಗೂ ಇದಕ್ಕೂ ಸಂಬಂಧ ಇಲ್ರಿ," ಎಂದರು. "ನಾ ಹಂಗಂತ ಬರದು ಕೊಡತೇನಿ."

ನಾನು ಆತ್ರಿ ಎಂದೆ. ಅವರು ನನ್ನ ಮುಖ ನೋಡಿದರು. ಬೈಗುಳವನ್ನೋ, ಉಪಕಾರದ ಮಾತನ್ನೋ ನಿರೀಕ್ಷಿಸಿದ್ದರೆಂದು ಕಾಣುತ್ತದೆ. ಆಮೇಲೆ, ತಮ್ಮ ತಾಯಿ ಹಾಸಿಗೆ ಹಿಡಿದಿದ್ದಾರೆ, ಮನೆಯಲ್ಲಿ ಅವರನ್ನು ಎತ್ತುವವರು ತಾವೇ ಎಂದು ಹೇಳಿದರು. ಎತ್ತುವಾಗ ತಾಯಿ ಒಂದು ಮಾತೂ ಆಡುವುದಿಲ್ಲವಂತೆ. ಆಕೆಗೆ ನೋವಾಗುತ್ತದೋ ಇಲ್ಲವೋ ತಿಳಿಯುವುದೇ ಇಲ್ಲ ಎಂದರು.

ನಾನು ಆಗ ಮಾತ್ರ ಸ್ವಲ್ಪ ಮಾತಾಡಿದೆ. ಎತ್ತುವ ಮೊದಲು ಹೇಳಿ ಎತ್ತಿರಿ ಎಂದೆ. ಯಾವ ಕಡೆ ಕೈ ಹಾಕುತ್ತೀರಿ, ಎಲ್ಲಿ ಕೂಡಿಸುತ್ತೀರಿ ಎಂದು ಹೇಳಿ. ಇಲ್ಲದಿದ್ದರೆ ಎತ್ತಿಸಿಕೊಳ್ಳುವವರು ಅಲ್ಲಿ ಇರುವುದನ್ನು ಬಿಟ್ಟುಬಿಡುತ್ತಾರೆ. ಅವರು ತಲೆಯಾಡಿಸಿದರು. ಟೆಂಪೊ ಬಂದಾಗ ಅದರಲ್ಲಿದ್ದ ಹಿರಿಯನಿಗೆ ತಾವೇ ಹೇಳಿ ಸೀಟಿನ ಕೆಳಗೆ ಮೆಟ್ಟಿಲಿನ ಹಾಗೆ ಒಂದು ಕಬ್ಬಿಣದ ಪೆಟ್ಟಿಗೆ ಇಡಿಸಿದರು. ಅದರ ಮೇಲೆ ಕೋಲು ಊರಿ, ಬಾಗಿಲು ಹಿಡಿದು, ನಾನು ನಾನೇ ಹತ್ತಿದೆ. ಬಹಳ ಹೊತ್ತು ಹಿಡಿಯಿತು. ಎಲ್ಲರೂ ಕಾದರು.

ತಂತಿಗಳ ಕಟ್ಟು ಬರಲು ಮತ್ತೆ ವಾರಗಳಾದವು. ಗಂಡ ಕೇಳಿದ ಹೊಸ ಗಾಡಿ ಸಿಗಲಿಲ್ಲ. ವಾರಂಟಿಯನ್ನು ಒಂದು ವರ್ಷ ಹೆಚ್ಚಿಸಿದರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಸಲಹೆಗಾರರು ಕೀಲಿ ಕೊಡುವಾಗ ಒಂದು ಸಿಹಿ ಡಬ್ಬಿ ಕೊಟ್ಟರು, ಧಾರವಾಡ ಪೇಡೆ. ಮನೆಗೆ ತಂದು ಓಣಿಯವರಿಗೆ ಹಂಚಿದೆ.

ಗಾಡಿ ಆಮೇಲೆ ನಿಂತಿಲ್ಲ. ಆದರೂ ಆ ಏರು ಬಂದಾಗ ನಾನು ಇಂಜಿನ್ನಿನ ಸದ್ದು ಕೇಳುತ್ತೇನೆ, ಹಿಂದೆ ಲಾರಿ ಇದೆಯೇ ಎಂದು ಕನ್ನಡಿ ನೋಡುತ್ತೇನೆ. ಹಳೆಯದರ ಮೇಲೆ ಕೂತು ಹಾಡು ಗುನುಗುತ್ತಿದ್ದವಳು, ಇದರ ಮೇಲೆ ಇನ್ನೂ ಗುನುಗಿಲ್ಲ. ಒಳಗೆ ಮರಗಟ್ಟಿದ್ದು ಒಮ್ಮೆಲೇ ಬಿಡಲಿಲ್ಲ. ಗಾಡಿ ಸರಿಯಾದ ದಿನವೂ ನಾನು ಹಿಂದಿನ ದಿನದ ಹಾಗೆಯೇ ಎದ್ದು ರೊಟ್ಟಿ ಬಡಿದೆ.

ಸಸ್ಯಶಾಸ್ತ್ರದಾಕೆಗೆ ಹಿಂದಿನ ದಿನವೇ ಹೇಳಿದ್ದೆ, ಇನ್ನು ಬರಬೇಕಾಗಿಲ್ಲ ಎಂದು. ಅವರು ಸಂತೋಷಪಟ್ಟರು. ಮೂರ್ನಾಲ್ಕು ದಿನ ನಾವು ಬೇರೆ ಬೇರೆ ಹೋದೆವು. ದಾರಿಯಲ್ಲಿ ಅವರು ನನ್ನನ್ನು ದಾಟಿ ಹೋಗುವಾಗ ಹಾರ್ನ್ ಹೊಡೆಯುತ್ತಿದ್ದರು, ನಾನು ಕೈ ಎತ್ತುತ್ತಿದ್ದೆ. ಒಂದು ಮಧ್ಯಾಹ್ನ ಗ್ರಂಥಾಲಯಕ್ಕೆ ಬಂದು, ಬೇಕಿಲ್ಲದ ಒಂದು ಪುಸ್ತಕ ತೆಗೆದು, ನನ್ನ ಮೇಜಿನ ಎದುರು ಕೂತರು. ದವಾಖಾನೆ ಸಾಕೆಂದು ಮನೆಯಲ್ಲಿ ಹೇಳಿದೆ ಎಂದರು. ಅತ್ತೆ ಎರಡು ದಿನ ಮಾತು ಬಿಟ್ಟಿದ್ದರಂತೆ. ಆಕೆಯ ಗಂಡ ತನಗೂ ಸಾಕಾಗಿತ್ತು ಎಂದನಂತೆ. ಎದುರೆದುರು ಕೂತು ಇದನ್ನು ಹೇಳಲು ಅವರಿಗೆ ಕಷ್ಟವಾಗುತ್ತಿತ್ತು. ಮಾತು ತಡೆದು ತಡೆದು ಬರುತ್ತಿತ್ತು, ಕಣ್ಣು ಪುಸ್ತಕದ ಮೇಲಿತ್ತು.

ಹೇಳಿ ಮುಗಿಸಿ ಏಳುವಾಗ, "ಇವತ್ತೂ ನಾ ಮರತು ನಿಮ್ಮ ಓಣಿಗೆ ಹೊರಳಿದ್ದೆ ಅಕ್ಕಾರ," ಎಂದರು.

ಶನಿವಾರ ಕಾಲೇಜು ಅರ್ಧ ದಿನ. ಆ ಬೆಳಿಗ್ಗೆ ಮರೆಯದೆ ನಮ್ಮ ಓಣಿಗೆ ಹೊರಳಲು ಅವರಿಗೆ ಹೇಳಿದ್ದೆ. ನಾನು ಅಂಗಳದಲ್ಲಿ ಹೊಸ ಸ್ಕೂಟರಿನ ಮೇಲೆ ಹೊದಿಕೆ ಎಳೆದು, ಕೋಲು ಹಿಡಿದು ಗೇಟಿನ ಹತ್ತಿರ ನಿಂತೆ. ಗಂಡ ಚಹಾದ ಕಪ್ಪು ಹಿಡಿದು ಹೊರಗೆ ಬಂದವರು, ಮತ್ತೆ ಕೆಟ್ಟಿತೇ ಎಂದು ಗಾಬರಿಯಿಂದ ಕೇಳಿದರು. ಇಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಒಳಗೆ ಹೋಗದೆ ನನ್ನ ಜೊತೆ ನಿಂತರು. ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ ಸಸ್ಯಶಾಸ್ತ್ರದಾಕೆಯ ಸ್ಕೂಟರ್ ಕಾಣಿಸಿತು, ಎಂದಿನ ಹಾಗೆ ಜೋರು. ನಾನು ಕ್ಯಾಲಿಪರಿನ ಕೀಲು ಬಿಚ್ಚಿದೆ.